ಬನಹಟ್ಟಿಯಿಂದ ಕಡಲ ನಡುಗಡ್ಡೆಗಳಿಗೆ: ಪ್ರವಾಸ ಹೊಂದಿಸಿಕೊಳ್ಳುವ ಬಗೆ

ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ, ಬೀಳಗಿ ಕಡೆಯ ಮನೆಗಳಲ್ಲಿ ಪ್ರವಾಸದ ಮಾತು ಬಂದರೆ ಮೊದಲು ನೋಡುವುದು ನಮ್ಮ ಬಿಡುವು. ಮಕ್ಕಳ ಸಾಲಿ ಎಂದು ಬಿಡ್ತದ, ಮಗ್ಗದ ಮ್ಯಾಲಿನ ಬೀಮು ಎಂದು ಮುಗೀತದ, ಕಬ್ಬು ಕಡಿಯೋ ಗ್ಯಾಂಗು ಯಾವಾಗ ಬರ್ತದ ಎಂದು ಲೆಕ್ಕ ಹಾಕಿ, ಕ್ರೂಸರ್ ಗಾಡಿಗೆ ಮುಂಗಡ ಕೊಟ್ಟುಬಿಡುತ್ತೇವೆ. ಪಂಢರಪುರಕ್ಕೋ ಶ್ರೀಶೈಲಕ್ಕೋ ಹೊರಟವರಿಗೆ ಅಷ್ಟು ಸಾಕು. ಉತ್ತರ ಕನ್ನಡದ ಕಡಲಲ್ಲಿರುವ ನಡುಗಡ್ಡೆಗಳಿಗೆ ಹೊರಟವರಿಗೆ ಸಾಲದು. ಅಲ್ಲಿ ದೋಣಿ ಬಿಡುವ ದಿನ, ಬಿಡುವ ಗಳಿಗೆ, ವಾಪಸು ಬರುವ ಹೊತ್ತು ಎಲ್ಲವನ್ನೂ ಗಾಳಿ ಮತ್ತು ಉಬ್ಬರ-ಇಳಿತಗಳು ನಿರ್ಧರಿಸುತ್ತವೆ. ಆದ್ದರಿಂದ ಮೊದಲು ಕಡಲಿನ ಪಂಚಾಂಗ ನೋಡಿ, ಆಮೇಲೆ ನಮ್ಮ ರಜೆಯನ್ನು ಅದಕ್ಕೆ ಹೊಂದಿಸಬೇಕು. ಈ ಕ್ರಮ ತಲೆಕೆಳಗಾದರೆ ದಂಡೆಯ ಮೇಲೆ ನಿಂತು ನಡುಗಡ್ಡೆಯನ್ನು ದೂರದಿಂದ ನೋಡಿ ತಿರುಗಿ ಬರಬೇಕಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಹೋಗಬಾರದ ಹೊತ್ತಿನಲ್ಲಿ ದೋಣಿ ಹತ್ತಿಬಿಡುವುದು.

ದ್ವೀಪ ನೋಡಲು ಗ್ರೀಸ್‌ಗೋ ಇಂಡೋನೇಷ್ಯಾಕ್ಕೋ ಹೋಗಬೇಕು ಎಂಬ ಭಾವನೆ ಈಗ ಹರಡಿದೆ. ಹೋಗಬಲ್ಲವರು ಹೋಗಲಿ. ಆದರೆ ನಮ್ಮದೇ ಕಡಲಿನ ಈ ನಡುಗಡ್ಡೆಗಳನ್ನು ಗ್ರೀಕರು ಎರಡು ಸಾವಿರ ವರ್ಷಗಳ ಹಿಂದೆಯೇ ಬಲ್ಲವರಾಗಿದ್ದರು. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಈಜಿಪ್ಟಿನ ಗ್ರೀಕ್ ವ್ಯಾಪಾರಿಯೊಬ್ಬ ಬರೆದ 'ಪೆರಿಪ್ಲಸ್' ಎಂಬ ಕಡಲ ಕೈಪಿಡಿ ಪಶ್ಚಿಮ ಕರಾವಳಿಯ ದ್ವೀಪಗಳನ್ನು ಸಾಲಾಗಿ ಹೆಸರಿಸಿ, ಇಲ್ಲಿ ಕಡಲ್ಗಳ್ಳರಿದ್ದಾರೆ ಎಂದು ನಾವಿಕರನ್ನು ಎಚ್ಚರಿಸುತ್ತದೆ. ಅದರಲ್ಲಿ ಬರುವ ದ್ವೀಪಗಳಲ್ಲಿ ಕೆಲವು ಕಾರವಾರದ ಆಸುಪಾಸಿನವೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದ ಮಾತುಗಳಿವೆ ಎಂದು ಆರ್. ಶಾಮಶಾಸ್ತ್ರಿ ವಾದಿಸಿದರು. ಅದರ ಕಥೆ ನಡೆಯುವುದು ಉಡುಪಿ ಬಳಿಯ ಮಲ್ಪೆಯ ಆಸುಪಾಸಿನಲ್ಲಿ ಎಂದವರೂ ಉಂಟು. ಎಲ್ಲರೂ ಇದನ್ನು ಒಪ್ಪಿಲ್ಲ, ಆದರೂ ಚರ್ಚೆ ನಡೆದದ್ದು ನಮ್ಮ ಕಡಲ ದಂಡೆಯ ಬಗ್ಗೆ. 14ನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತಾ ಹೊನ್ನಾವರದಲ್ಲಿ ಹುಡುಗಿಯರಿಗಾಗಿ 13, ಹುಡುಗರಿಗಾಗಿ 23 ಶಾಲೆಗಳನ್ನು ಕಂಡೆನೆಂದು ಬರೆದಿದ್ದಾನೆ. ಪಾಸ್‌ಪೋರ್ಟ್ ಇಲ್ಲದೆ, ವೀಸಾ ಇಲ್ಲದೆ, ಬೆಳಗಿನ ಜಾವ ಹೊರಟರೆ ಮಧ್ಯಾಹ್ನದ ಹೊತ್ತಿಗೆ ಮುಟ್ಟಬಹುದಾದ ಊರುಗಳಿವು.

ಈಗ ಕಾಲದ ವಿಷಯ. ಮಳೆಗಾಲದಲ್ಲಿ ಪ್ರವಾಸಿ ದೋಣಿಗಳು ನಿಲ್ಲುತ್ತವೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಸಾಮಾನ್ಯವಾಗಿ ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಸಂಚಾರವಿಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರೀಕೃತ ಮೀನುಗಾರಿಕೆಗೇ ನಿಷೇಧವಿರುತ್ತದೆ. ಮೀನುಗಾರರೇ ಇಳಿಯದ ಕಡಲಿಗೆ ನಾವು ಇಳಿಯುವ ಮಾತೇ ಬೇಡ. ದಾರಿಯೂ ಆಗ ಕಷ್ಟದ್ದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿದ್ದದ್ದನ್ನು, ಜನ ಮಣ್ಣಿನಡಿ ಸಿಕ್ಕಿದ್ದನ್ನು ಯಾರೂ ಮರೆತಿಲ್ಲ.

ದಸರೆಯಿಂದ ದೀಪಾವಳಿಯ ಅವಧಿ ನಮಗೆ ಹಬ್ಬದ ಬಿಡುವಿನದು. ಆದರೆ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವ ಎರಡು ಕಾಲಗಳಲ್ಲಿ ಅದೂ ಒಂದು. ಇನ್ನೊಂದು ಮೇ-ಜೂನ್. 2019ರ ದೀಪಾವಳಿಯ ಹೊತ್ತಿಗೇ 'ಕ್ಯಾರ್' ಎದ್ದಿತ್ತು. 2021ರ ಮೇ ತಿಂಗಳಲ್ಲಿ 'ತೌಕ್ತೆ' ಕರಾವಳಿಯನ್ನು ಅಲುಗಾಡಿಸಿತು. ಹಾಗಾಗಿ ನಂಬಿಕೆಯಿಂದ ಹೇಳಬಹುದಾದ ಕಾಲವೆಂದರೆ ಡಿಸೆಂಬರಿನಿಂದ ಮಾರ್ಚ್ ಮೊದಲ ಭಾಗದವರೆಗೆ. ಆಕಾಶ ತಿಳಿ, ಗಾಳಿ ಮಂದ, ನೀರು ಸ್ವಚ್ಛ. ತೊಡಕೆಂದರೆ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವುದೂ ಆಗಲೇ. ಕಬ್ಬಿನವರು ತಮ್ಮ ಕಟಾವು ಮುಗಿದ ವಾರವನ್ನೇ ಹಿಡಿಯಬೇಕು, ಅದು ಫೆಬ್ರವರಿಯಾದರೂ ಸರಿ. ನೇಕಾರರು ಸಂಕ್ರಾಂತಿಯಾದ ಮೇಲೆ ಹೊರಡುವುದು ಒಳ್ಳೆಯದು. ಮಗ್ಗ ಯಾವ ದಿನ ನಿಂತರೂ ಕೂಲಿ ಒಂದೇ ರೀತಿ ನಿಲ್ಲುವುದರಿಂದ ಭಾನುವಾರವನ್ನೇ ಹಿಡಿಯಬೇಕೆಂಬ ಕಟ್ಟುಪಾಡು ನೇಕಾರರಿಗಿಲ್ಲ. ಮಂಗಳವಾರದಿಂದ ಶುಕ್ರವಾರದೊಳಗೆ ಹೋದರೆ ವಸತಿ ಅಗ್ಗ, ದೋಣಿಯಲ್ಲಿ ನೂಕುನುಗ್ಗಲೂ ಕಡಿಮೆ. ಶಾಲೆಯ ಬೇಸಿಗೆ ರಜೆಗೇ ಹೋಗಬೇಕೆಂದರೆ ಏಪ್ರಿಲ್‌ನಲ್ಲಿ ರಜೆ ಶುರುವಾದ ಕೂಡಲೇ ಹೊರಡಿ, ಮೇ ತಿಂಗಳನ್ನು ಬಿಟ್ಟುಬಿಡಿ.

ತಿಂಗಳು ಆಯ್ದ ಮೇಲೆ ತಿಥಿ. ಇದನ್ನು ಬಯಲುಸೀಮೆಯ ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ, ಮತ್ತು ಆ ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಇಂದು ಬೆಳಿಗ್ಗೆ 8ಕ್ಕೆ ಉಬ್ಬರವಿದ್ದರೆ ನಾಳೆ 9ರ ಹತ್ತಿರ. ಅದಕ್ಕೇ ದೋಣಿಯವರು ನಿನ್ನೆ ಹೇಳಿದ ವೇಳೆಯನ್ನು ಇಂದು ಬದಲಿಸುತ್ತಾರೆ. ಅದು ಅವರ ಮನಸ್ಸಿನ ಚಂಚಲತೆ ಅಲ್ಲ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ-ಚಂದ್ರರ ಸೆಳೆತ ಒಂದೇ ಸಾಲಿನಲ್ಲಿ ಕೂಡುವುದರಿಂದ ಉಬ್ಬರ ತೀರ ಎತ್ತರ, ಇಳಿತ ತೀರ ಆಳ, ನಡುವಿನ ನೀರಿನ ಓಟ ಜೋರು. ಅಷ್ಟಮಿಯ ಸುತ್ತಮುತ್ತ ಈ ಏರಿಳಿತ ಕಡಿಮೆ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಅಷ್ಟಮಿಯ ವಾರವನ್ನು ಆಯ್ದುಕೊಳ್ಳಿ. ಮನೆಯ ಕ್ಯಾಲೆಂಡರ್ ನೋಡಿದರೇ ಗೊತ್ತಾಗುವ ವಿಷಯವಿದು.

ದಿನದೊಳಗಿನ ಹೊತ್ತಿಗೂ ಕಾರಣವಿದೆ. ಬಿಸಿಲು ಏರಿದಂತೆ ನೆಲ ಬೇಗ ಕಾಯುತ್ತದೆ, ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇಳುತ್ತದೆ, ಆ ಜಾಗ ತುಂಬಲು ಕಡಲಿನಿಂದ ಗಾಳಿ ಬೀಸತೊಡಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಜೋರಾಗಿ ಅಲೆ ಎಬ್ಬಿಸುತ್ತದೆ. ಬೆಳಗಿನ ಕಡಲು ಶಾಂತ. ಆದ್ದರಿಂದ ದಿನದ ಮೊದಲ ದೋಣಿಯಲ್ಲೇ ಹೋಗಿ, ಊಟದ ಹೊತ್ತಿಗೆ ದಂಡೆಗೆ ಮರಳುವಂತೆ ನೋಡಿಕೊಳ್ಳಿ. ಒಂದು ದಿನಕ್ಕೆ ಒಂದೇ ನಡುಗಡ್ಡೆ. ಎರಡು ನೋಡುತ್ತೇವೆಂದು ಹೊರಟವರಿಗೆ ಎರಡನೆಯದು ಸಿಗುವುದು ಗಾಳಿಯ ಹೊತ್ತಿನಲ್ಲೇ.

ದಾರಿ ಸುಲಭ. ವಿಜಯಪುರದ ಕಡೆಯಿಂದ ಕೊಲ್ಹಾರ ದಾಟಿ ಬೀಳಗಿ ತಾಲ್ಲೂಕಿನೊಳಗೆ ಬರುವ ರಾಷ್ಟ್ರೀಯ ಹೆದ್ದಾರಿ 52 ಪಂಜಾಬಿನ ಸಂಗ್ರೂರಿನಿಂದ ಹೊರಟದ್ದು, ಅದು ಕೊನೆಗೊಳ್ಳುವುದು ಅಂಕೋಲಾದಲ್ಲಿ. ಬೀಳಗಿಯವರು ಗದ್ದನಕೇರಿ, ಕೆರೂರು, ನರಗುಂದ, ಹುಬ್ಬಳ್ಳಿ, ಯಲ್ಲಾಪುರ ಹಾದು ಅದೇ ರಸ್ತೆಯಲ್ಲಿ ಕಡಲಿನ ಪಕ್ಕಕ್ಕೇ ಇಳಿಯುತ್ತಾರೆ. ಬನಹಟ್ಟಿ, ಜಮಖಂಡಿಯವರಿಗೆ ಮುಧೋಳ, ಲೋಕಾಪುರ, ಯರಗಟ್ಟಿ, ಸವದತ್ತಿ, ಧಾರವಾಡದ ಮೇಲೆ ಹುಬ್ಬಳ್ಳಿ ಸೇರುವುದು ಅನುಕೂಲ. ಕಾರವಾರಕ್ಕೆ ಒಟ್ಟು ಸುಮಾರು 300 ಕಿ.ಮೀ. ಯಲ್ಲಾಪುರ ದಾಟಿದ ಮೇಲೆ ಬರುವ ಅರಬೈಲ್ ಘಟ್ಟದಲ್ಲಿ ಲಾರಿಗಳ ಸಾಲು ಇರುತ್ತದೆ. ರಾತ್ರಿ ಹೊರಟು ನಿದ್ದೆಗಣ್ಣಿನ ಡ್ರೈವರನ ಕೈಯಲ್ಲಿ ಬೆಳಗಿನ ಜಾವ ಘಟ್ಟ ಇಳಿಯುವ ರೂಢಿ ನಮ್ಮಲ್ಲಿದೆ. ಅದನ್ನು ಬಿಡಬೇಕು. ನಾಲ್ಕು ಗಂಟೆಗೆ ಎದ್ದು ಹೊರಡಿ, ಹಗಲಲ್ಲಿ ಘಟ್ಟ ಇಳಿಯಿರಿ, ಸಂಜೆ ದಂಡೆಯಲ್ಲಿ ವಿಶ್ರಾಂತಿ, ಮರುದಿನ ದೋಣಿ. ಬಸ್ಸಿನಲ್ಲಿ ಹೋಗುವವರಿಗೆ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸುವುದೇ ದಾರಿ. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ ದಶಕಗಳಿಂದ ಕಾಗದದ ಮೇಲೇ ಇದೆ. ಆದರೆ ಕೆಳಗಿಳಿದ ಮೇಲೆ ಕಾರವಾರದಿಂದ ಉಡುಪಿಯವರೆಗೆ ಕೊಂಕಣ ರೈಲು ಇದೆ.

ಎಲ್ಲಿ ತಂಗಬೇಕು? ನನ್ನ ಮಟ್ಟಿಗೆ ಹೊನ್ನಾವರ. ಕಾರವಾರದ ಹೆಸರು ದೊಡ್ಡದು, ಮಲ್ಪೆಯ ಜಾಹೀರಾತು ದೊಡ್ಡದು. ಆದರೆ ಹೊನ್ನಾವರದಲ್ಲಿ ಬಿಡಾರ ಹೂಡಿದರೆ ಒಂದು ಕಡೆ ಬಸವರಾಜದುರ್ಗ, ಇನ್ನೊಂದು ಕಡೆ ಮುರುಡೇಶ್ವರ ಮತ್ತು ಅಲ್ಲಿಂದ ನೇತ್ರಾಣಿ, ಕುಮಟಾ ದಾರಿಯಲ್ಲಿ ಮಿರ್ಜಾನ್ ಕೋಟೆ, ಎಲ್ಲವೂ ಗಾಡಿಯಲ್ಲಿ ತಾಸೊಂದರ ಒಳಗೆ. ಒಂದು ದಿನ ಗಾಳಿಯೆದ್ದು ದೋಣಿ ನಿಂತರೂ ದಿನ ಹಾಳಾಗುವುದಿಲ್ಲ. ಮಿರ್ಜಾನ್ ನೋಡಬಹುದು, ಕಾಸರಕೋಡಿನ ಬೀಚಿನಲ್ಲಿ ನಡೆಯಬಹುದು, ಶರಾವತಿ ಅಳಿವೆಯಲ್ಲಿ ಕಾಂಡ್ಲಾ ಗಿಡಗಳ ನಡುವೆ ಸಣ್ಣ ದೋಣಿಯಲ್ಲಿ ಸುತ್ತಬಹುದು. ಆ ಅಳಿವೆಯೊಳಗೂ ಮಾವಿನಕುರ್ವೆಯಂಥ ಜನವಸತಿಯ ನಡುಗಡ್ಡೆಗಳಿವೆ. ಹೊಳೆಯ ನೀರು ಅಲುಗದೆ ಇರುವುದರಿಂದ, ಕಡಲಿಗೆ ಅಂಜುವ ಅಜ್ಜ-ಅಜ್ಜಿಯರನ್ನೂ ಕರೆದೊಯ್ಯಬಹುದು. ಪ್ರವಾಸದ ಯೋಜನೆಯಲ್ಲಿ ಇಂಥ ಒಂದು ಖಾಲಿ ದಿನವನ್ನು ಬೇಕೆಂದೇ ಇಟ್ಟುಕೊಳ್ಳಿ. ನಾಲ್ಕು ರಾತ್ರಿಯ ಪ್ರವಾಸದಲ್ಲಿ ಎರಡು ನಡುಗಡ್ಡೆ, ಒಂದು ಖಾಲಿ ದಿನ ಇದ್ದರೆ ಸರಿಯಾದ ಲೆಕ್ಕ.

ಬಸವರಾಜದುರ್ಗ ಹೊನ್ನಾವರದ ಎದುರಿನ ಕಡಲಲ್ಲಿ ಚಪ್ಪಟೆ ತಲೆಯ ಗುಡ್ಡದಂತೆ ನಿಂತಿದೆ. ಕೆಳದಿ ಅರಸರ ಕಾಲದ ಕೋಟೆಗೋಡೆ ಅದರ ಸುತ್ತ ಉಳಿದಿದೆ. ಇಲ್ಲಿಗೆ ಮಲ್ಪೆಯಂತೆ ಟಿಕೆಟು ಕೊಟ್ಟು ಹತ್ತುವ ದೋಣಿಗಳಿಲ್ಲ, ಇಡೀ ದೋಣಿಯನ್ನು ಬಾಡಿಗೆಗೆ ಹಿಡಿಯಬೇಕು. ಹತ್ತು ಜನರಿದ್ದರೆ ತಲಾ ಖರ್ಚು ಹಗುರ. ಇಬ್ಬರೇ ಹೋದರೆ ಭಾರ. ದೋಣಿ ಶರಾವತಿಯ ಅಳಿವೆ ಬಾಯನ್ನು ದಾಟಿ ಹೋಗಬೇಕಾಗುತ್ತದೆ. ಹೊಳೆ ತಂದ ಹೂಳು ಕಡಲಿನ ಬಾಯಲ್ಲಿ ಮರಳುದಿಣ್ಣೆಯಾಗಿ ಕೂತಿರುತ್ತದೆ. ಇಳಿತದ ಹೊತ್ತಿನಲ್ಲಿ ಅಲ್ಲಿ ನೀರು ತೆಳು, ಅಲೆ ಅಲ್ಲೇ ಒಡೆಯುತ್ತದೆ. ಅನುಭವಿ ಮೀನುಗಾರರ ದೋಣಿಗಳೂ ಅಲ್ಲಿ ಮಗುಚಿದ್ದುಂಟು. ಆದ್ದರಿಂದ ಹೋಗುವಾಗಲೂ ಬರುವಾಗಲೂ ಸಾಕಷ್ಟು ನೀರಿರುವಂತೆ ವೇಳೆ ಲೆಕ್ಕ ಹಾಕುವ ಕೆಲಸ ದೋಣಿಯವನದು. 'ಈಗ ಬೇಡ್ರಿ' ಎಂದು ಆತ ಹೇಳಿದರೆ ಹೆಚ್ಚು ದುಡ್ಡು ತೋರಿಸಿ ಒತ್ತಾಯ ಮಾಡಬೇಡಿ. ನಡುಗಡ್ಡೆಯ ಮೇಲೆ ಅಂಗಡಿ ಇಲ್ಲ. ತಲೆಗೆ ಎರಡು ಲೀಟರ್ ನೀರು, ಟೋಪಿ, ಹಿಡಿತವಿರುವ ಚಪ್ಪಲಿ ಬೇಕು. ಕಟ್ಟೆಯಿಲ್ಲದ ಕಡೆ ಅಲೆ ತಗ್ಗಿದ ಕ್ಷಣ ನೋಡಿ ಪಾಚಿಗಟ್ಟಿದ ಬಂಡೆಗೆ ಕಾಲಿಡಬೇಕಾಗುತ್ತದೆ. ಇಳಕಲ್ ಸೀರೆ ಉಟ್ಟ ನಮ್ಮ ಅವ್ವ, ಅಕ್ಕಂದಿರಿಗೆ ಇದು ಕಷ್ಟ. ಅಂದು ಮಾತ್ರ ಚೂಡಿದಾರ ತೊಟ್ಟರೆ ಕಾಲು ತೊಡಕಿಕೊಳ್ಳುವುದಿಲ್ಲ.

ನೇತ್ರಾಣಿ ಬೇರೆಯೇ ಬಗೆಯದು. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ಒಳಗೆ, ದೋಣಿಯಲ್ಲಿ ಗಂಟೆಯ ಮೇಲೆ ಬೇಕು. ಪ್ರವಾಸಿಗರು ಇಲ್ಲಿಗೆ ಬರುವುದು ನೀರಿನೊಳಗೆ ಮುಳುಗಿ ಹವಳ, ಬಣ್ಣದ ಮೀನು, ಕೆಲವೊಮ್ಮೆ ಕಡಲಾಮೆ ನೋಡಲು. ಈಜು ಬಾರದವರನ್ನೂ ತರಬೇತಾದವರು ಜೊತೆಯಲ್ಲಿ ಹಿಡಿದುಕೊಂಡು ಇಳಿಸುತ್ತಾರೆ. ಖರ್ಚು ತಲಾ ಸಾವಿರಾರು ರೂಪಾಯಿ ಬರುವುದರಿಂದ ಮನೆಯವರೆಲ್ಲ ಮುಳುಗಲೇಬೇಕೆಂದಿಲ್ಲ. ಇಳಿಯುವ ಮೊದಲು ಆರೋಗ್ಯದ ಫಾರ್ಮು ತುಂಬಿಸುತ್ತಾರೆ. ಅಸ್ತಮಾ, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆ, ಗರ್ಭಿಣಿಯೆಂಬುದು, ಯಾವುದನ್ನೂ ಮುಚ್ಚಿಡಬಾರದು. ಮಗ್ಗದ ಮನೆಯ ಹತ್ತಿಧೂಳಿನಲ್ಲಿ ವರ್ಷಗಟ್ಟಲೆ ದುಡಿದು ಉಬ್ಬಸ ಹತ್ತಿಸಿಕೊಂಡವರು ನಮ್ಮಲ್ಲಿದ್ದಾರೆ. ಅವರು ಮೊದಲು ಡಾಕ್ಟರರನ್ನು ಕೇಳಲೇಬೇಕು. ಇನ್ನೊಂದು ಮಾತು ನಮ್ಮ ಕಡೆಯವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ನೀರಿನೊಳಗಿನ ಒತ್ತಡದಲ್ಲಿ ಉಸಿರಾಡಿದಾಗ ಹೆಚ್ಚಿನ ನೈಟ್ರೋಜನ್ ರಕ್ತದಲ್ಲಿ ಕರಗಿರುತ್ತದೆ. ಅದು ನಿಧಾನವಾಗಿ ಹೊರಹೋಗಬೇಕು. ಅಷ್ಟರೊಳಗೆ ಎತ್ತರಕ್ಕೆ ಏರಿದರೆ ಗುಳ್ಳೆಗಳಾಗಿ ಕೀಲುನೋವಿನಿಂದ ಹಿಡಿದು ಗಂಭೀರ ತೊಂದರೆಯವರೆಗೆ ತರಬಹುದು. ಅದಕ್ಕೇ ಡೈವಿಂಗ್ ಆದ ಮೇಲೆ ಕನಿಷ್ಠ 12 ಗಂಟೆ ವಿಮಾನ ಹತ್ತಬೇಡಿ ಎನ್ನುತ್ತಾರೆ. ನಾವು ವಿಮಾನ ಹತ್ತುವುದಿಲ್ಲ, ಆದರೆ ಹುಬ್ಬಳ್ಳಿ ಕಡಲಮಟ್ಟದಿಂದ 600 ಮೀಟರಿಗೂ ಮೇಲಿದೆ. ಮಧ್ಯಾಹ್ನ ಮುಳುಗಿ ಸಂಜೆಯೇ ಘಟ್ಟ ಹತ್ತುವ ಯೋಜನೆ ಬೇಡ. ನೇತ್ರಾಣಿಯನ್ನು ಕೊನೆಯ ದಿನಕ್ಕೆ ಇಡದೆ, ಆ ರಾತ್ರಿ ದಂಡೆಯಲ್ಲೇ ಮಲಗಿ.

ಕಾರವಾರದ ಎದುರಿಗೆ ಹಲವು ನಡುಗಡ್ಡೆಗಳಿವೆ. ದೇವಗಡದ ದೀಪಸ್ತಂಭ 1864ರದು. ಕೂರ್ಮಗಡದಲ್ಲಿ ನರಸಿಂಹ ದೇವರ ಗುಡಿಯಿದ್ದು, ಪುಷ್ಯ ಹುಣ್ಣಿಮೆಗೆ ಜಾತ್ರೆ ನಡೆಯುತ್ತದೆ. ಎಲ್ಲಕ್ಕಿಂತ ಹೆಚ್ಚು ಇತಿಹಾಸ ಕಂಡ ಅಂಜುದೀವ್‌ಗೆ ಮಾತ್ರ ನಾವು ಹೋಗುವಂತಿಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಊರಿಗೆ ಮರಳುವ ಮೊದಲು ಇಲ್ಲಿ ನಿಂತ. 1505ರಲ್ಲಿ ಪೋರ್ಚುಗೀಸರ ಅಲ್ಮೇಡಾ ಕೋಟೆ ಕಟ್ಟಿಸಿದ. 1660ರ ದಶಕದಲ್ಲಿ ಮುಂಬಯಿಯನ್ನು ಪೋರ್ಚುಗೀಸರಿಂದ ಪಡೆಯಲು ಬಂದ ಇಂಗ್ಲಿಷ್ ಸೈನಿಕರು, ಅವರು ಬಿಟ್ಟುಕೊಡದ್ದರಿಂದ, ಈ ದ್ವೀಪದಲ್ಲೇ ಕಾಯುತ್ತ ಕೂತು ರೋಗಕ್ಕೆ ತುತ್ತಾದರು. ನಾಯಕ ಅಬ್ರಹಾಂ ಶಿಪ್‌ಮನ್ ಸತ್ತ. ನಾನೂರಕ್ಕೂ ಹೆಚ್ಚಿದ್ದ ಪಡೆಯಲ್ಲಿ ನೂರರ ಆಸುಪಾಸಿನವರಷ್ಟೇ ಮುಂಬಯಿ ಸೇರಿದರು. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯ ವೇಳೆ ಇದನ್ನು ಬಿಡಿಸಿಕೊಳ್ಳುವಾಗ ನಮ್ಮ ನೌಕಾಪಡೆಯ ಏಳು ಮಂದಿ ಪ್ರಾಣ ಕೊಟ್ಟರು. ಈಗ ಅದು ಕದಂಬ ನೌಕಾನೆಲೆಯ ಭಾಗ. ಆಡಳಿತದ ಲೆಕ್ಕದಲ್ಲಿ ಗೋವಾಕ್ಕೆ ಸೇರಿದೆ. 'ಹತ್ರ ಕರ್ಕೊಂಡು ಹೋಗ್ತೇನೆ' ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ಭಾಗದಲ್ಲಿ ಡ್ರೋನ್ ಹಾರಿಸುವುದೂ ಅಪರಾಧ. ಎಲ್ಲರೂ ಆಧಾರ್ ಕಾರ್ಡನ್ನು ಜೊತೆಗಿಟ್ಟುಕೊಳ್ಳಿ.

ಮಲ್ಪೆಯ ಸೇಂಟ್ ಮೇರೀಸ್ ನಮಗೆ ದೂರ, ಕಾರವಾರದಿಂದ ಇನ್ನೂ 200 ಕಿ.ಮೀ.ಗೂ ಹೆಚ್ಚು. ಈ ಪ್ರವಾಸಕ್ಕೆ ಅದನ್ನು ಜೋಡಿಸಬೇಡಿ, ಇನ್ನೊಂದು ವರ್ಷ ಉಡುಪಿಗೆಂದೇ ಹೋದಾಗ ನೋಡಿ. ನೋಡಲೇಬೇಕಾದದ್ದಂತೂ ಹೌದು. ಮಡಗಾಸ್ಕರ್ ಭಾರತದಿಂದ ಸಿಡಿದು ಬೇರೆಯಾದ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಉಕ್ಕಿದ ಲಾವಾ ತಣ್ಣಗಾಗಿ ಬಹುಭುಜಗಳ ಕಲ್ಲುಕಂಬಗಳಾಗಿ ನಿಂತಿದೆ. ನಮ್ಮ ಎರೆಮಣ್ಣಿಗೆ ಮೂಲವಾದ ದಖ್ಖನ್ನಿನ ಕಪ್ಪುಕಲ್ಲೂ ಲಾವಾದಿಂದಲೇ ಆದದ್ದು, ಆದರೆ ಅದಕ್ಕೆ ಸುಮಾರು 6.6 ಕೋಟಿ ವರ್ಷ. ಹೊಲದ ಕಲ್ಲನ್ನು ಬಲ್ಲ ರೈತನ ಮಗನಿಗೆ ಮಲ್ಪೆಯ ಆ ಕಂಬಗಳು ಪರಿಚಿತವೆನಿಸುತ್ತವೆ.

ಕೊನೆಗೆ, ಎಲ್ಲಕ್ಕಿಂತ ಮುಖ್ಯವಾದದ್ದು ಜೀವ. 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಕಾರವಾರದ ಬಳಿ ಮಗುಚಿ 16 ಜನ ಸತ್ತರು. ಸತ್ತವರಲ್ಲಿ ಹಲವರು ಹಾವೇರಿ ಜಿಲ್ಲೆಯಿಂದ ಬಂದ ಒಂದೇ ಕುಟುಂಬದವರು, ನಮ್ಮಂತೆಯೇ ಕಡಲಿನ ರೂಢಿಯಿಲ್ಲದವರು, ಮಕ್ಕಳೂ ಇದ್ದರು. ದೋಣಿಯಲ್ಲಿ ಹೆಚ್ಚು ಜನರಿದ್ದರು ಎಂಬುದು ಆಗ ಎಲ್ಲರ ಬಾಯಲ್ಲಿ ಬಂದ ಮಾತು. ಆದ್ದರಿಂದ ದೋಣಿ ಹತ್ತುವ ಮೊದಲು ಮೂರು ಸಂಗತಿ ನೋಡಿ: ದೋಣಿಯ ಮೇಲೆ ನೋಂದಣಿ ಸಂಖ್ಯೆ ಇದೆಯೇ, ಎಷ್ಟು ಜನಕ್ಕೆ ಪರವಾನಗಿ, ಜನಕ್ಕೊಂದರಂತೆ ಲೈಫ್ ಜಾಕೆಟ್ ಇದೆಯೇ. ಮಕ್ಕಳ ಅಳತೆಯ ಜಾಕೆಟ್ ಬೇರೆ ಇರುತ್ತದೆ. ದೊಡ್ಡವರದನ್ನು ಮಗುವಿಗೆ ತೊಡಿಸಿದರೆ ನೀರಿನಲ್ಲಿ ಅದು ಮೇಲೆ ಜಾರಿ ಮಗು ಕೆಳಗೆ ಜಾರುತ್ತದೆ. ದೋಣಿ ಅಲುಗಿದಾಗ ಫೋಟೋಕ್ಕೆಂದು ಎಲ್ಲರೂ ಒಂದೇ ಬದಿಗೆ ಏಳಬಾರದು. ಹೊಟ್ಟೆ ತೊಳಸುವವರು ಎಣ್ಣೆ ತಿಂಡಿ ಬಿಟ್ಟು ಹಗುರಾಗಿ ತಿಂದು, ದೋಣಿಯ ನಡುಭಾಗದಲ್ಲಿ ಕೂತು, ದೂರದ ದಿಗಂತದ ಮೇಲೆ ಕಣ್ಣು ನೆಟ್ಟರೆ ಬಹಳ ಮಟ್ಟಿಗೆ ತಡೆಯುತ್ತದೆ. ವಾಂತಿಯ ಮಾತ್ರೆಯನ್ನು ಹತ್ತುವ ಅರ್ಧ-ಮುಕ್ಕಾಲು ತಾಸು ಮೊದಲೇ ನುಂಗಬೇಕು. ತೊಳಸಲು ಶುರುವಾದ ಮೇಲೆ ಉಪಯೋಗವಿಲ್ಲ.

ಕೃಷ್ಣೆಯಲ್ಲಿ, ಘಟಪ್ರಭೆಯಲ್ಲಿ ಈಜಿ ಬೆಳೆದ ಹುಡುಗರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಹೊಳೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ, ದಂಡೆ ಎರಡೂ ಬದಿಗೆ ಕಾಣುತ್ತದೆ. ಕಡಲಲ್ಲಿ ದಂಡೆಗೆ ಬಂದ ಅಲೆಯ ನೀರು ಹಿಂದಿರುಗುವಾಗ ಕೆಲವೆಡೆ ಕಿರಿದಾದ ಪಟ್ಟಿಯಲ್ಲಿ ಕೂಡಿ ಜೋರಾಗಿ ಒಳಕ್ಕೆ ಓಡುತ್ತದೆ. ಅಲೆ ಒಡೆಯದೆ ಶಾಂತವಾಗಿ ಕಾಣುವ ಜಾಗವೇ ಹಲವು ಸಲ ಈ ಸೆಳೆತದ ಜಾಗ. ಸಿಕ್ಕಿಬಿದ್ದರೆ ದಂಡೆಯ ಕಡೆಗೆ ನೇರ ಈಜಬಾರದು, ಎಂಥ ಬಲಶಾಲಿಯೂ ದಣಿದು ಮುಳುಗುತ್ತಾನೆ. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಪಟ್ಟಿಯಿಂದ ಹೊರಬಂದು ಆಮೇಲೆ ದಂಡೆಗೆ ತಿರುಗಬೇಕು. 2022ರ ಏಪ್ರಿಲ್‌ನಲ್ಲಿ ಸೇಂಟ್ ಮೇರೀಸ್ ದ್ವೀಪದಲ್ಲಿ ಕೇರಳದ ಮೂವರು ವಿದ್ಯಾರ್ಥಿಗಳು ನೀರುಪಾಲಾದರು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಸತ್ತರು. ಶಾಲೆಯ ಪ್ರವಾಸ ಒಯ್ಯುವ ನಮ್ಮ ಗುರುಗಳು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕೆಂಪು ಬಾವುಟ ಕಂಡಲ್ಲಿ, ಜೀವರಕ್ಷಕರು ಬೇಡ ಅಂದಲ್ಲಿ, ಮೊಣಕಾಲ ಮಟ್ಟದ ನೀರಿಗೂ ಮಕ್ಕಳನ್ನು ಬಿಡಬೇಡಿ.

ಹೊರಡುವ ಹಿಂದಿನ ದಿನ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ, ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಹೊರಡಿಸುವ ಎತ್ತರದ ಅಲೆಗಳ ಎಚ್ಚರಿಕೆಯನ್ನೂ ಫೋನಿನಲ್ಲಿ ನೋಡಿಕೊಳ್ಳಿ. ಕರಾವಳಿ ಕಾವಲು ಪೊಲೀಸರ ಸಹಾಯವಾಣಿ 1093, ಕಡಲಲ್ಲಿ ಅವಘಡವಾದರೆ ತಟರಕ್ಷಣಾ ಪಡೆಯ ಸಂಖ್ಯೆ 1554. ಎರಡನ್ನೂ ಮನೆಯವರೆಲ್ಲರ ಫೋನಿನಲ್ಲಿ ಮೊದಲೇ ಬರೆದಿಟ್ಟುಕೊಳ್ಳಿ, ದೋಣಿಯಲ್ಲಿ ಮಕ್ಕಳ ಜಾಕೆಟನ್ನು ನೀವೇ ಕೈಯಾರೆ ಬಿಗಿದು ಕಟ್ಟಿ.